ಕಂದಹಾರದ ಬಿಲ್ಲೆಯೂ ನನ್ನ ಕೈಯ ಅರವೂ

ನಮ್ಮ ಕಸುಬಿನಲ್ಲಿ ನಿವೃತ್ತಿಗೆ ಇಂಥದೇ ವಯಸ್ಸು ಅಂತ ಇಲ್ಲ. ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಸುಳ್ಳು ಹೊಗಳಿ ಮನೆಗೆ ಕಳಿಸುವ ಮೇಲಧಿಕಾರಿಯೂ ಇಲ್ಲ. ಒಂದು ದಿನ ಮೂಗುತಿಗೆ ಹರಳು ಕೂರಿಸುವಾಗ ಒಂದು ಹರಳು ಎರಡಾಗಿ ಕಂಡಿತು. ಎರಡರಲ್ಲಿ ಖರೆ ಯಾವುದು ಎಂದು ಚಿಮಟದಿಂದ ಹುಡುಕುತ್ತ ಕೂತಿದ್ದೆ. ಮಗ ಬಂದು ಚಿಮಟವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡ. ಅಲ್ಲಿಗೆ ನನ್ನ ನಿವೃತ್ತಿಯ ಸಮಾರಂಭ ಮುಗಿಯಿತು.

ಈಗ ಗೋಕಾಕದ ನಮ್ಮ ಅಂಗಡಿಯಲ್ಲಿ ಪತ್ತಾರಿಕೆ, ಅಂದರೆ ಅಕ್ಕಸಾಲಿ ಕೆಲಸ, ಕಲಿಯಲು ಬರುವವರು ಗ್ಯಾಸಿನ ಬೆಂಕಿಯಲ್ಲಿ ಬೆಸೆಯುತ್ತಾರೆ, ತಿರುಗುವ ಯಂತ್ರಕ್ಕೆ ಹಿಡಿದು ಹೊಳಪು ಕೊಡುತ್ತಾರೆ. ನಾವು ಎರಡು ದಿನ ಬೆನ್ನು ಮುರಿದು ಮಾಡುತ್ತಿದ್ದುದನ್ನು ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಿದೆ. ಊಟವಾದ ಮೇಲೆ ಬಾಜೂ ಬಂದು ಕೂತು, "ಅಜ್ಜಾರ, ನಿಮ್ಮ ಕಾಲದ ಗುಟ್ಟು ಏನರೆ ಇದ್ರ ಹೇಳ್ರಿ" ಎನ್ನುತ್ತಾರೆ. ನನ್ನ ಹತ್ತಿರ ಗುಟ್ಟು ಯಾವುದೂ ಇಲ್ಲ. ಇರುವುದು ತಪ್ಪುಗಳು. ಚೆನ್ನಾಗಿ ಮಾಡಿದ ಕೆಲಸ ಗಿರಾಕಿಯ ಮೈಮೇಲೆ ಹೋಗಿಬಿಡುತ್ತದೆ, ಕೆಡಿಸಿದ ಕೆಲಸ ಮಾತ್ರ ಕೆಡಿಸಿದವನ ಹತ್ತಿರವೇ ಉಳಿಯುತ್ತದೆ. ಅಂಥದೊಂದನ್ನು ಬರೆದಿಡಬೇಕೆಂದೇ ಈ ಕಾಗದ ಹಿಡಿದಿದ್ದೇನೆ. ಆದರೆ ನೇರವಾಗಿ ಅದಕ್ಕೇ ಕೈ ಹಾಕಲು ಮನಸ್ಸು ಹಿಂಜರಿಯುತ್ತದೆ. ಮೊದಲು ನನ್ನ ಗುರುವಿನ ಮಾತು ಹೇಳುತ್ತೇನೆ.

ಗುರು ಎಂದರೆ ಕಾಳಪ್ಪ ಕಾಕಾ. ನನ್ನ ತಂದೆಗೆ ದೂರದ ತಮ್ಮನಾಗಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ನನ್ನನ್ನು ಅವರ ಅಂಗಡಿಯ ಮಣೆಯ ಮೇಲೆ ಕೂರಿಸಿದರು. ದೇಶಕ್ಕೆ ಬಂದ ಸ್ವಾತಂತ್ರ್ಯ ಆ ಮಣೆಯವರೆಗೆ ಬರಲಿಲ್ಲ. ಮೊದಲ ವರ್ಷವಿಡೀ ಅಂಗಡಿ ಗುಡಿಸುವುದು, ಗುಡಿಸಿದ ಕಸವನ್ನು ಚೆಲ್ಲದೆ ಡಬ್ಬಿಯಲ್ಲಿ ತುಂಬುವುದು, ಅಗ್ಗಿಷ್ಟಿಕೆಗೆ ಇದ್ದಿಲು ಜೋಡಿಸುವುದು, ಊದುಗೊಳವಿಯಲ್ಲಿ ಗಲ್ಲ ನೋಯುವವರೆಗೆ ಊದುವುದು. ಕಸದಲ್ಲಿ ಅರದಿಂದ ಉಜ್ಜುವಾಗ ಉದುರಿದ ಪುಡಿ ಇರುತ್ತದೆ, ಪುಡಿಯಲ್ಲಿ ಗಿರಾಕಿಯ ಬೆಳ್ಳಿ ಇರುತ್ತದೆ. ಅದರಲ್ಲಿ ಚಿಟಿಕೆ ಕಳೆದರೂ ಕಾಕಾ ಊಟ ತಪ್ಪಿಸುತ್ತಿದ್ದರು. ತಮ್ಮದಲ್ಲ, ನನ್ನದು.

ಎದುರು ಮನೆಯಲ್ಲಿ ಕಟ್ಟಿಗೆಯ ಹಣ್ಣು, ಗೊಂಬೆ ಮಾಡಿ ಬಣ್ಣ ಹಚ್ಚುವ ಒಬ್ಬ ಮುದುಕರಿದ್ದರು. ಬಣ್ಣದ ಕುಂಚ ಕಿವಿಗೆ ಸಿಕ್ಕಿಸಿಕೊಂಡು ದಿನಕ್ಕೊಮ್ಮೆಯಾದರೂ ಬಂದು, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡೂದಿಲ್ಲಂತ, ಖರೆ ಏನು ಕಾಳಪ್ಪಾ?" ಎಂದು ಕೆಣಕುತ್ತಿದ್ದರು.

"ಅಕ್ಕಾದ್ರೂ ಎಲ್ಲಿ ಬಿಡತಾಳ? ತೂಗಿ ಕೊಡತಾಳ, ತೂಗಿ ತಗೋತಾಳ" ಎಂದು ಕಾಕಾ ನಶ್ಯ ಏರಿಸುತ್ತಿದ್ದರು.

ಕಾಕಾನ ಕೈಯಲ್ಲಿ ಕೆಲಸ ಪಾಸಾಗುವುದು ಕಣ್ಣಿನಿಂದಲ್ಲ. ಕಣ್ಣು ಮುಚ್ಚಿ ಒಡವೆಯ ಅಂಚನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. "ಅಂಚ ಹತ್ತಬಾರದು. ಹತ್ತಿದ್ರ ಅದು ಒಡವಿ ಅಲ್ಲ, ತಗಡು" ಎನ್ನುತ್ತಿದ್ದರು. ಮೂರು ವರ್ಷ ನಾನು ಮಾಡಿದ್ದೆಲ್ಲ ತಗಡೇ. ನಾಲ್ಕನೆಯ ವರ್ಷ ಒಂದು ಮಗುವಿನ ಉಡಿದಾರದ ಕೊಂಡಿಯನ್ನು ಕೆನ್ನೆಗೆ ಉಜ್ಜಿ, ಏನೂ ಅನ್ನದೆ ಗಿರಾಕಿಯ ಕೈಗೆ ಕೊಟ್ಟರು. ಆ ಸಂತೋಷ ಮುಂದೆ ನನ್ನ ಮದುವೆಯಲ್ಲೂ ಆಗಲಿಲ್ಲ. ನನ್ನವಳು ಇದನ್ನು ಓದಲಾರಳು ಎಂಬ ಧೈರ್ಯದಿಂದ ಬರೆದಿದ್ದೇನೆ.

ಸ್ವಲ್ಪ ಕೈ ಕುದುರಿದ ಮೇಲೆ ಕಾಕಾ ನನ್ನನ್ನು ಸಣ್ಣ ಪೆಟ್ಟಿಗೆಯೊಂದಿಗೆ ಮೂಡಲಗಿಯ ಸಂತೆಗೆ ಕಳಿಸತೊಡಗಿದರು. ಬೇವಿನ ಮರದ ಕೆಳಗೆ ಗೋಣಿ ಹಾಸಿ ಕೂರುವುದು, ಸಡಿಲಾದ ಕೊಂಡಿ ಬಿಗಿಯುವುದು, ಮುರಿದ ಕಾಲುಂಗುರ ಬೆಸೆಯುವುದು. ಅಲ್ಲಿ ಒಮ್ಮೆ ಸಿದ್ದವ್ವ ಎಂಬ ಕುರುಬರ ಮುದುಕಿ ಕಾಲಿನ ಕಡಗ ತೆಗೆಸಲು ಬಂದಳು. ಮದುವೆಯಲ್ಲಿ ಹಾಕಿದ್ದು, ಹಾಕಿ ಐವತ್ತು ವರ್ಷವಾಗಿತ್ತು. ಕಾಲು ಬಾತು ಕಡಗ ಮಾಂಸದಲ್ಲಿ ಹುಗಿದಿತ್ತು. ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಚರ್ಮಕ್ಕೆ ತಾಕದಂತೆ ಎಲೆ ಸಿಕ್ಕಿಸಿ, ಮಧ್ಯಾಹ್ನದವರೆಗೆ ಅರ ಆಡಿಸಿ ಕಡಗ ಬಿಡಿಸಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟವಳು ತೂರಾಡಿ ಅಲ್ಲೇ ಕೂತಳು.

"ತಮ್ಮಾ, ಕಾಲ ಹಗೂರ ಆತೋ. ನೆಲಾನ ಸಿಗವಲ್ದು. ಹೊಳ್ಳಿ ಹಾಕು."

"ಬ್ಯಾನಿ ಆಗತೈತಿ ಅಂತ ನೀವ ತೆಗಿಸಿದ್ರೆಲ್ಲಬೇ."

"ಬ್ಯಾನಿ ನಂದು, ಕಡಗಾನೂ ನಂದು. ನಿಂದೇನ ಹೋಗತೈತಿ? ಹಾಕು."

ಕಡಗವನ್ನು ಬೆರಳಗಲ ದೊಡ್ಡದು ಮಾಡಿ ಮತ್ತೆ ಹಾಕಿದೆ. ಕುರಿ ಹಿಂಡಿನ ಹಿಂದೆ ನೆಟ್ಟಗೆ ನಡೆದು ಹೋದಳು. ಜನರು ತರುವುದು ಬರೀ ಬೆಳ್ಳಿಯಲ್ಲ ಎಂದು ಆ ದಿನ ಅರ್ಧ ತಿಳಿಯಿತು. ಪೂರ್ತಿ ತಿಳಿದಿದ್ದರೆ ಮುಂದಿನದು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆಮೇಲೆ ಕಾಲ ಬೇಗ ಬೇಗ ಮಗ್ಗುಲು ಬದಲಿಸಿತು. ಗುಂಜಿ, ತೊಲ ಹೋಗಿ ಗ್ರಾಮು ಬಂತು. ಕಾಕಾ ಗ್ರಾಮಿನ ಕಲ್ಲುಗಳನ್ನು ತಕ್ಕಡಿಯಲ್ಲಿಟ್ಟು, ಕದ್ದು ಮತ್ತೆ ಗುಂಜಿಯಿಂದ ತೂಗಿ ನೋಡುತ್ತಿದ್ದರು. ಚಿನ್ನದ ಮೇಲೆ ಸರಕಾರ ಕಾಯ್ದೆ ತಂದಾಗ ನಮ್ಮವರು ಎಷ್ಟೋ ಜನ ಮಣೆ ಮಗುಚಿಟ್ಟು ಬೇರೆ ಕೆಲಸ ಹುಡುಕಿಕೊಂಡರು. ನಾವು ಬೆಳ್ಳಿ ಹಿಡಿದು ಉಳಿದೆವು. ಆದರೆ ನಾನು ಹೇಳಬೇಕಾದ್ದು ಅದಕ್ಕೂ ಮೊದಲಿನದು, ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವ ವರ್ಷದ್ದು. ನನಗಾಗ ಇಪ್ಪತ್ತೆರಡು. ಬೆಳಗಾವಿ ಸೀಮೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಸ್ವಲ್ಪ ದಿನವಾಗಿತ್ತು.

ಅದನ್ನು ಹೇಳುವ ಮೊದಲು ಅಂಗಡಿಯ ಕೂರುವ ಪದ್ಧತಿ ಹೇಳಬೇಕು, ಈಗಿನವರಿಗೆ ಅದು ಗೊತ್ತಿಲ್ಲ. ಒಳಗೆ ಮಣೆಯ ಹತ್ತಿರ ಕೆಲವರು ಬರುತ್ತಿದ್ದರು. ಕಟ್ಟೆಯ ಮೇಲೆ ಕೆಲವರು. ಕಟ್ಟೆಯ ಕೆಳಗೆ ಒಂದು ಹಾಸುಗಲ್ಲು ಇತ್ತು. ಮಹಾರ ಕೇರಿಯವರು ಬಂದರೆ ಅಲ್ಲಿ ನಿಲ್ಲಬೇಕು, ತಂದದ್ದನ್ನು ಆ ಕಲ್ಲಿನ ಮೇಲೆ ಇಡಬೇಕು. ನಾವು ಅದನ್ನು ಕೈಯಿಂದ ಮುಟ್ಟದೆ ಇಕ್ಕಳದಿಂದ ಎತ್ತಿ, ನೇರ ಬೆಂಕಿಗೆ ಹಾಕಿ, ಕೆಂಪಾದ ಮೇಲೆ ನೀರಿಗೆ ಬಿಟ್ಟು, ಆಮೇಲೆ ಕೈಗೆ ತೆಗೆದುಕೊಳ್ಳುತ್ತಿದ್ದೆವು. ಬೆಂಕಿ ಕಂಡರೆ ಮೈಲಿಗೆ ಹೋಗುತ್ತದೆ ಎಂಬ ಲೆಕ್ಕ. ಕಾಕಾಗೆ ಅವರ ಕಾಕಾ ಕಲಿಸಿದ್ದು, ನನಗೆ ಕಾಕಾ ಕಲಿಸಿದ್ದು. ಊದುಗೊಳವಿ ಹಿಡಿಯುವುದನ್ನು ಕಲಿತಂತೆ ಇದನ್ನೂ ಕಲಿತೆ. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಒಂದು ಗುರುವಾರ ಎಪ್ಪತ್ತು ದಾಟಿದ ಒಬ್ಬ ಎತ್ತರದ ಮುದುಕ ಬಂದು ಆ ಹಾಸುಗಲ್ಲಿನ ಹತ್ತಿರ ನಿಂತ. ಕಾಕಾ ಆಗ ಸಂಕೇಶ್ವರದಲ್ಲಿದ್ದರು. ಒಂದು ದೊಡ್ಡ ಮನೆಯ ಮದುವೆಗೆ ಅಲ್ಲೇ ಕೂತು ಒಡವೆ ಮಾಡಿಕೊಡಲು ಕರೆಸಿಕೊಂಡಿದ್ದರು. ಅಂಗಡಿಯಲ್ಲಿ ನಾನೊಬ್ಬನೇ, ಧಣಿಯ ಠೀವಿಯಲ್ಲಿ ಕೂತಿದ್ದೆ.

"ಏನ ತಂದಿ?" ಎಂದೆ. ನನ್ನ ಅಜ್ಜನ ವಯಸ್ಸಿನವರಿಗೆ ನಾನು ಏಕವಚನದಲ್ಲಿ ಮಾತಾಡಿದ್ದು ಹಾಗೆ.

"ಪತ್ತಾರ್ರ, ಒಂದ ಪದಕ ಐತ್ರಿ. ನಮ್ಮ ಅಪ್ಪಂದು" ಎಂದು ಅವರು ಬಟ್ಟೆಯ ಗಂಟು ಬಿಚ್ಚಿ ಕಲ್ಲಿನ ಮೇಲಿಟ್ಟರು.

ಅವರ ಹೆಸರು ಲಗಮಪ್ಪ. ಹುಕ್ಕೇರಿ ತಾಲೂಕಿನಲ್ಲಿ ಘೋಡಗೇರಿಯಿಂದ ಆಚೆಗಿನ ಒಂದು ಸಣ್ಣ ಹಳ್ಳಿಯವರು. ಊರಿನ ಹೆಸರು ಬೇಡ, ಅಲ್ಲಿ ಈಗ ಬೇರೆಯೇ ತಲೆಮಾರಿನವರು ಇದ್ದಾರೆ. ಬಟ್ಟೆಯಲ್ಲಿ ಇದ್ದದ್ದು ಹಳೆಯ ರೂಪಾಯಿಗಿಂತ ದೊಡ್ಡದಾದ ಬೆಳ್ಳಿಯ ಬಿಲ್ಲೆ. ಒಂದು ಮುಖದಲ್ಲಿ ಬ್ರಿಟಿಷರ ರಾಣಿಯ ಛಾಪು. ಇನ್ನೊಂದು ಮುಖದಲ್ಲಿ ದಂಡು ಹೊರಟಿತ್ತು, ನಡುವೆ ತೋಪು ಹೊತ್ತ ಆನೆ. ಮೇಲೆ ಒಂದು ಕೊಂಡಿ, ಕೊಂಡಿಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಶಬ್ದ. ಬಿಲ್ಲೆ ಕಪ್ಪಾಗಿತ್ತು, ಕೊಂಡಿ ಅಲುಗಾಡುತ್ತಿತ್ತು.

ಅವರ ತಂದೆ ಸತ್ಯಪ್ಪ ಎಂಬವರು ಬೆಳಗಾವಿಯ ದಂಡಿನಲ್ಲಿ ಸಿಪಾಯಿಯಾಗಿ ಭರ್ತಿಯಾಗಿದ್ದರಂತೆ. ರಾಣಿಯ ಕಾಲದ ಅಫಘಾನಿಸ್ತಾನದ ಲಡಾಯಿಗೆ ಹಡಗಿನಲ್ಲಿ ಕರಾಚಿಗೆ ಹೋಗಿ, ಅಲ್ಲಿಂದ ಕಣಿವೆ ಹತ್ತಿ ಇಳಿದು ಕಂದಹಾರ ಮುಟ್ಟಿದ್ದರಂತೆ. ಅಡ್ಡಪಟ್ಟಿಯ ಮೇಲಿನ ಶಬ್ದ ಅದೇ ಊರಿನದು.

"ದಾರ್ಯಾಗ ಒಂಟಿ ಬಿದ್ದ ಸಾಯತಿದ್ದೂವಂತ್ರಿ, ಚಳಿಗೆ ಬಂದೂಕ ಹಿಡದ ಕೈ ಬಂದೂಕಕ್ಕ ಅಂಟತಿತ್ತಂತ. ಅಪ್ಪ ಅದನ್ನ ಭಾಳ ಹೇಳತಿರಲಿಲ್ಲ. ಅವ ಹೇಳತಿದ್ದದ್ದು ಬ್ಯಾರೇನ. ಪಲ್ಟಣದಾಗ ಸಾಲ ನಿಂತ್ರ ಬಾಜೂದವನ ಮೊಣಕೈ ನಮಗ ತಾಕತಿತ್ತು ಅಂತಿದ್ದ. ಯಾರೂ ಸರೀತಿರಲಿಲ್ಲ ಅಂತಿದ್ದ."

ಹವಾಲ್ದಾರನಾಗಿ ಪಿಂಚಣಿ ತೆಗೆದುಕೊಂಡು ಊರಿಗೆ ಬಂದ ಸತ್ಯಪ್ಪ, ಪಿಂಚಣಿಗೆ ಹುಕ್ಕೇರಿಗೆ ಹೋಗುವ ದಿನ ಕೋಟು ತೊಟ್ಟು ಬಿಲ್ಲೆ ಹಚ್ಚಿಕೊಳ್ಳುತ್ತಿದ್ದರು. ಊರ ಚಾವಡಿಯ ಮುಂದೆ ಅದನ್ನು ಹಚ್ಚಿಕೊಂಡು ಹಾಯಬಾರದು ಎಂದು ಹಿರಿಯರು ತಾಕೀತು ಮಾಡಿದ್ದರಂತೆ. ಅದಕ್ಕೆ ಊರ ಗಡಿ ದಾಟುವವರೆಗೆ ಬಿಲ್ಲೆ ಕಿಸೆಯಲ್ಲಿ, ದಾಟಿದ ಮೇಲೆ ಎದೆಯ ಮೇಲೆ.

ಈಗ ಆ ಊರಲ್ಲಿ ಸಾಲೆಯ ಮುಂದೆ ಒಂದು ಕಲ್ಲು ನಿಲ್ಲಿಸುವವರಿದ್ದರು. ಊರಿನಿಂದ ದಂಡಿಗೆ ಹೋದವರ ಹೆಸರೆಲ್ಲ ಅದರ ಮೇಲೆ ಕೆತ್ತಿಸುವುದು. ತಂದೆಯ ಹೆಸರೂ ಸೇರಲಿ ಎಂದು ಲಗಮಪ್ಪ ಕೇಳಿದ್ದಕ್ಕೆ, ಊರ ಹಿರಿಯರು ಸಾಕ್ಷಿ ಏನು ಎಂದರಂತೆ. ಸೋಮವಾರ ತಾಲೂಕಿನ ಅಧಿಕಾರಿ ಮಾಮಲೇದಾರರು ಬರುತ್ತಾರೆ, ಅವರ ಮುಂದೆ ತೋರಿಸು ಎಂದರಂತೆ.

"ಸಾಹೇಬರ ಕೈಯಾಗ ಕೊಡೂದೈತ್ರಿ. ಕರ್ರಗ ಮಸಿ ಹಿಡದೈತಿ, ಥಳಥಳ ಅನ್ನೂ ಹಂಗ ಮಾಡಿ ಕೊಡ್ರಿ. ಜತನ್ರಿ ಪತ್ತಾರ್ರ, ಅದರ ಮ್ಯಾಲ ಎಲ್ಲಾ ಬರದೈತಿ."

ಶನಿವಾರ ಬಾ ಎಂದೆ. ಅವರು ನಡೆದು ಹೋದರು.

ಇನ್ನು ಮುಂದಿನದನ್ನು ಕಸುಬಿನವರು ಎರಡು ಸಲ ಓದಬೇಕು. ನಾನು ಬಿಲ್ಲೆಯನ್ನು ಇಕ್ಕಳದಿಂದ ಎತ್ತಿ ಬೆಂಕಿಗೆ ಹಾಕಿದೆ. ಹಳೆಯ ವಸ್ತುವಿನ ಬೆಸುಗೆಯನ್ನು ಉಗುರಿನಿಂದ ಕೆರೆದು ನೋಡದೆ ಬೆಂಕಿ ತೋರಿಸಬಾರದು ಎಂಬುದು ಮೊದಲ ಪಾಠ. ಸೀಸದ ಬೆಸುಗೆಯಾದರೆ ಉಗುರು ಹೇಳಿಬಿಡುತ್ತದೆ. ಆದರೆ ಉಗುರು ತಾಕಿಸಬೇಕಾದರೆ ಮುಟ್ಟಬೇಕಲ್ಲ. ಯಾವ ಕಾಲದಲ್ಲೋ ಒಬ್ಬ ಕಲಾಯಿಗಾರ ಆ ಕೊಂಡಿಯನ್ನು ಸೀಸದಿಂದ ಅಂಟಿಸಿದ್ದ. ನಾನು ಎರಡು ಸಲ ಊದುವುದರೊಳಗೆ ಕೊಂಡಿ ಕಳಚಿ ಇದ್ದಿಲಿನಲ್ಲಿ ಬಿತ್ತು. ಕರಗಿದ ಸೀಸ ಬಿಲ್ಲೆಯ ಅಂಚಿಗೆ ಹರಿಯಿತು. ಬಿಸಿ ಬೆಳ್ಳಿಯ ಮೇಲೆ ಸೀಸ ಬಿದ್ದರೆ ಗೆದ್ದಲು ಹತ್ತಿದ ಕಟ್ಟಿಗೆಯಂತೆ ಬೆಳ್ಳಿಯನ್ನು ತಿನ್ನುತ್ತದೆ. ಹೊರಗೆ ತೆಗೆಯುವಷ್ಟರಲ್ಲಿ ಅಂಚಿನ ತುಂಬ ಕುಳಿ ಬಿದ್ದಿದ್ದವು.

ಹೆದರಿದೆ. ಎಲ್ಲ ಬರೆದಿದೆ ಎಂದು ಮುದುಕ ಹೇಳಿದ್ದು ನೆನಪಿತ್ತು. ರಾಣಿಯ ಸುತ್ತ ಅಕ್ಷರ, ಆನೆಯ ಹತ್ತಿರ ಅಕ್ಷರ, ಪಟ್ಟಿಯ ಮೇಲೆ ಅಕ್ಷರ, ಅವೆಲ್ಲ ಸುರಕ್ಷಿತ ಇದ್ದವು. ಅವುಗಳಿಗೆ ಮೇಣ ಮೆತ್ತಿ ಕಾಪಾಡಿದೆ. ಅಂಚಿನ ಸುತ್ತ ಕುಳಿಗಳ ನಡುವೆ ಕೂದಲೆಳೆಯಂಥ ಸಣ್ಣ ಗೆರೆಗಳೂ ಇದ್ದವು, ಒಂದಕ್ಕೊಂದು ಹೆಣೆದುಕೊಂಡು ಸಾಗಿದ್ದವು. ಸವೆದ ವಸ್ತುವಿಗೆ ಬಿದ್ದ ಗೀರುಗಳು ಎಂದುಕೊಂಡೆ. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಅಕ್ಷರಗಳನ್ನು ಕೂಡಿಸಿ ಬರೆಯುತ್ತಾರೆ ಎಂಬುದೂ ಗೊತ್ತಿರಲಿಲ್ಲ. ಅರ ತೆಗೆದುಕೊಂಡು ಸುತ್ತಲೂ ಒಂದೇ ಸಮನೆ ಆಡಿಸಿದೆ. ಕುಳಿ ಹೋದವು, ಗೀರು ಹೋದವು. ಹುಣಸೆನೀರಿನಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿದೆ. ಮತ್ತೆ ಬೆಂಕಿ ತೋರಿಸಲು ಧೈರ್ಯವಾಗದೆ ಕೊಂಡಿಯನ್ನು ಬೆಳ್ಳಿಯ ತಂತಿಯಿಂದ ಬಿಗಿದೆ. ಕಣ್ಣು ಮುಚ್ಚಿ ಅಂಚನ್ನು ಕೆನ್ನೆಗೆ ಉಜ್ಜಿ ನೋಡಿದೆ. ಎಲ್ಲೂ ಹತ್ತಲಿಲ್ಲ. ಕಾಕಾ ನೋಡಿದರೆ ಮೆಚ್ಚುತ್ತಾರೆ ಎಂದು ಹಿಗ್ಗಿದೆ.

ಶನಿವಾರ ಲಗಮಪ್ಪ ಬಂದರು. ಹೊಳೆಯುವ ಬಿಲ್ಲೆ ನೋಡಿ ಅವರ ಮುಖ ಅರಳಿತು. ರಾಣಿಯನ್ನು ನೋಡಿದರು, ಆನೆಯನ್ನು ನೋಡಿದರು. ಆಮೇಲೆ ಬಿಲ್ಲೆಯನ್ನು ನಿಲ್ಲಿಸಿ ಹಿಡಿದು ಅಂಚನ್ನು ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಮೂರನೆಯ ಸಲ ಬಿಸಿಲಿಗೆ ಹೋಗಿ ನಿಂತು ತಿರುಗಿಸಿದರು.

"ಪತ್ತಾರ್ರ, ಅಪ್ಪನ ಹೆಸರ ಎಲ್ಲಿ ಹೋತ್ರಿ?"

ಬೈದಿದ್ದರೆ ನಾನೂ ಬೈದು ಪಾರಾಗುತ್ತಿದ್ದೆ. ಅವರು ಕಳೆದ ವಸ್ತುವನ್ನು ಕೇಳುವವರ ಹಾಗೆ ಬರೀ ಕೇಳಿದರು. ನನಗೆ ಆಗ ಆ ಗೆರೆಗಳು ಏನಾಗಿದ್ದವು ಎಂದು ತಿಳಿಯಿತು.

"ನಾನೂ ಹದಿನೆಂಟ ವರ್ಷದಾಂವ ಇದ್ದಾಗ ಭರ್ತಿ ಆಗಾಕ ಹೋಗಿದ್ನಿರಿ" ಎಂದು ಅವರು ಬಿಲ್ಲೆಯ ಕಡೆ ನೋಡುತ್ತಲೇ ಹೇಳಿದರು. "ಅಷ್ಟರಾಗ ನಮ್ಮ ಜಾತಿಯವರನ್ನ ತಗೋಳೂದು ಬಂದ ಮಾಡಿದ್ರು. ಇದನ್ನ ತೋರಿಸಿದೆ. ಗೋರಾ ಸಾಹೇಬ ಹಿಂಗ ತಿರುಗಿಸಿ ಅಪ್ಪನ ಹೆಸರ ಓದಿದ. ಎದ್ದ ನಿಂತ ಓದಿದ ನೋಡ್ರಿ. ಓದಿ, ನನ್ನ ಹೊಳ್ಳಿ ಕಳಿಸಿದ. ಆದ್ರೂ ನಿಂತ ಓದಿದ್ದ."

ಕಾಕಾ ಅಂದೇ ಸಂಜೆಯ ಬಸ್ಸಿಗೆ ಬಂದರು. ಲಗಮಪ್ಪ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು, ಹೋಗಿರಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಕಾಕಾ ನಶ್ಯದ ಡಬ್ಬಿ ತೆಗೆದವರು ಏರಿಸದೆ ಮತ್ತೆ ಮುಚ್ಚಿದರು. ನನಗೊಂದು ಉಪಾಯ ಹೊಳೆದಿತ್ತು. ಇಂಗ್ಲಿಷ್ ಮಾಸ್ತರರಿಂದ ಹೆಸರು ಬರೆಸಿಕೊಂಡು ಬಂದರೆ ಅದೇ ಜಾಗದಲ್ಲಿ ಹಾಗೆಯೇ ಕೆತ್ತಿಕೊಡಬಲ್ಲೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

ಲಗಮಪ್ಪ ತಲೆ ಅಲ್ಲಾಡಿಸಿದರು. "ಅದು ಖೊಟ್ಟಿ ಆಕ್ಕೈತ್ರಿ. ಅಪ್ಪಂದು ಖರೇದು ಇತ್ತು. ಖೊಟ್ಟಿ ತೋರಿಸಿ ಅವನ ಹೆಸರ ಕಲ್ಲಿಗೆ ಏರಿಸೂದು ಬ್ಯಾಡ. ನೀವು ಬರ್ರಿ. ಸೋಮವಾರ ಚಾವಡಿಗೆ ಬಂದು, ಹೆಸರ ಇತ್ತು, ನನ್ನ ಕೈಯಿಂದ ಹೋತು ಅಂತ ಸಾಹೇಬರ ಮುಂದ ಹೇಳ್ರಿ. ಮತ್ತೇನೂ ಬ್ಯಾಡ."

ಅವರು ಹೋದ ಮೇಲೆ ಕಾಕಾ ಅಗ್ಗಿಷ್ಟಿಕೆಯ ಮುಂದೆ ಕೂತರು. ನಮ್ಮ ಕಸುಬಿನವರು ಅಂಚಿಗೆ ಅರ ಹಾಕಿದೆವು ಎಂದು ಊರ ಮುಂದೆ ಒಪ್ಪಿಕೊಂಡರೆ ಜನ ಏನೆನ್ನುತ್ತಾರೆ ಎಂದು ಹೇಳಬೇಕಾಗಿಲ್ಲ. ಅಕ್ಕನ ಚಿನ್ನದ ಗಾದೆ ಎಲ್ಲರ ಬಾಯಲ್ಲಿ ಸಿದ್ಧ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೆಂಕಿಗೆ ಯಾಕೆ ಹಾಕಿದೆ ಎಂದು ಸಾಹೇಬರು ಕೇಳಿದರೆ? ಅಸ್ಪೃಶ್ಯತೆ ಅಪರಾಧ ಎಂದು ಕಾಯ್ದೆ ಬಂದಿದ್ದ ಹೊಸತು.

"ಕಾಕಾ, ಹೋಗಲ್ಯೋ ಬ್ಯಾಡೋ?"

"ನಾ ಹೋಗಂತ ಹೇಳೂದಿಲ್ಲ. ಹೋಗಬ್ಯಾಡ ಅನ್ನಾಕ ನನಗ ಬಾಯಿ ಇಲ್ಲ. ಬೆಂಕಿಗೆ ಹಾಕೂದ ಕಲಿಸಿದಾಂವ ನಾನ" ಎಂದು ಎದ್ದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ನಾನು ಸೈಕಲ್ ತೆಗೆಯುವಾಗ ಕಾಕಾ ಒಂದು ಕಾಗದದ ಪೊಟ್ಟಣ ಕೈಗಿಟ್ಟರು. ಗುರುವಾರದ ಅರದ ಪುಡಿ. ಮಣೆಯ ಕೆಳಗಿನ ಧೂಳನ್ನು ಭಾನುವಾರವೆಲ್ಲ ಕೂತು ತೊಳೆದು ಬೆಳ್ಳಿ ಬೇರೆ ಮಾಡಿದ್ದರು. "ಅವರದು ಅವರಿಗೆ ಮುಟ್ಟಲಿ" ಎಂದರು. ದಾರಿಯಲ್ಲಿ ಧುಪದಾಳದ ಒಡ್ಡಿನ ಹತ್ತಿರ ಸೈಕಲ್ ಇಳಿದು ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತೆ. ತಿರುಗಿ ಹೋಗಿಬಿಡಲೇ ಎಂದು ಅನ್ನಿಸಿದ್ದು ಸುಳ್ಳಲ್ಲ.

ಚಾವಡಿಯಲ್ಲಿ ಕುರ್ಚಿಯ ಮೇಲೆ ಮಾಮಲೇದಾರರು, ಬಾಜೂ ಊರ ಗೌಡರು, ಕೆಳಗೆ ಹತ್ತಿಪ್ಪತ್ತು ಜನ. ಲಗಮಪ್ಪ ಹೊರಗೆ ಬಿಸಿಲಲ್ಲಿ. ಮಾಮಲೇದಾರರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದ ಎಳೆಯ ವಯಸ್ಸಿನವರು. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು.

"ಬಿಲ್ಲೆ ಖರೇದ ಐತ್ರಿ ಸಾಹೇಬ್ರ, ಇಲ್ಲ ಅನ್ನೂದಿಲ್ಲ" ಎಂದರು ಗೌಡರು. "ಆದ್ರ ಯಾರದು? ದಂಡಿನ ಕಡೆ ಕೂಲಿಗೆ ಹೋದಾಂವ ಎಲ್ಲೆರೆ ಬಿದ್ದದ್ದು ತಂದಿದ್ರ?"

ನಾನು ಮುಂದೆ ಹೋಗಿ ಕೈ ಮುಗಿದೆ. ಹೆಸರು, ಊರು, ಕಸುಬು ಹೇಳಿದೆ. ಅಂಚಿನ ಸುತ್ತ ಬರವಣಿಗೆ ಇತ್ತು, ಅದನ್ನು ನಾನು ಅರದಿಂದ ಉಜ್ಜಿ ಹಾಕಿದೆ ಎಂದೆ. ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಹೆಸರ ಇದರಾಗ ಐತ್ರಿ" ಎಂದೆ.

"ನೀವು ಆ ಹೆಸರನ್ನು ಓದಿದ್ದಿರಾ?" ಎಂದು ಮಾಮಲೇದಾರರು ಕೇಳಿದರು.

"ಇಲ್ರಿ. ನನಗ ಇಂಗ್ಲೀಷ ಬರೂದಿಲ್ರಿ. ಗೀರು ಅಂದ್ಕೊಂಡ್ನಿ."

"ಅಕ್ಕಸಾಲಿಗರಾಗಿ ನೋಡದೆ ಬೆಂಕಿಗೆ ಯಾಕೆ ಹಾಕಿದಿರಿ?"

"ಅವರ ಕೇರಿಯಿಂದ ಬಂದದ್ದನ್ನ ನಾವು ಬೆಂಕಿಗೆ ಹಾಕದ ಮುಟ್ಟತಿರಲಿಲ್ರಿ. ಮುಟ್ಟಿದ್ರ ಸೀಸ ಗೊತ್ತಾಗತಿತ್ತು. ಹೆಸರ ಉಳೀತಿತ್ತು."

ಯಾರೂ ನಗಲಿಲ್ಲ. ಗಾದೆಯನ್ನೂ ಯಾರೂ ತೆಗೆಯಲಿಲ್ಲ. ಅಲ್ಲಿ ಕೂತವರಲ್ಲಿ ಆ ಬಿಲ್ಲೆಯನ್ನು ಬರಿಗೈಯಿಂದ ಮುಟ್ಟಿದವರು ಮಾಮಲೇದಾರರು ಒಬ್ಬರೇ ಆಗಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಮಾಮಲೇದಾರರು ಹೊರಗೆ ನಿಂತ ಲಗಮಪ್ಪನವರನ್ನು ಒಳಗೆ ಕರೆದು, ಇವರ ಮೇಲೆ ದೂರು ಕೊಡುತ್ತೀರಾ ಎಂದು ಕೇಳಿದರು.

"ದೂರು ಕೊಡಾಕ ಹೋದ್ರ ಯಾರ ಯಾರ ಮ್ಯಾಲ ಕೊಡಲ್ರಿ" ಎಂದರು ಅವರು. "ಅಪ್ಪನ ಹೆಸರ ಬರದ್ರ ಸಾಕು."

ಸಾಹೇಬರು ನನ್ನ ಹೇಳಿಕೆ ಬರೆಸಿಕೊಂಡು ಸಹಿ ಮಾಡಿಸಿದರು. "ನಾನು ನಂಬುತ್ತೇನೆ. ಆದರೆ ನನ್ನ ನಂಬಿಕೆ ದಾಖಲೆ ಆಗುವುದಿಲ್ಲ. ಮೇಲಿನ ಕಚೇರಿಗೆ ಬರೆಯುತ್ತೇನೆ, ಹಳೆಯ ಪಲ್ಟಣದ ಕಾಗದ ಎಲ್ಲಾದರೂ ಇದ್ದರೆ ಉತ್ತರ ಬರುತ್ತದೆ" ಎಂದರು. ಲಗಮಪ್ಪ ಬಿಲ್ಲೆಯನ್ನೂ ಪೊಟ್ಟಣವನ್ನೂ ಒಂದೇ ಬಟ್ಟೆಯಲ್ಲಿ ಕಟ್ಟಿಕೊಂಡರು. ಹೊರಗೆ ಬಂದಾಗ ನನಗೆ ನೀರು ಬೇಕೇ ಎಂದು ಕೇಳಿದರು. ಕೇಳಿದ ಮೇಲೆ, ನಾನು ಕುಡಿಯುತ್ತೇನೋ ಇಲ್ಲವೋ ಎಂದು ನೋಡುತ್ತ ನಿಂತರು. ಅವರ ಮನೆಯ ಅಂಗಳದಲ್ಲಿ ಕೂತು ಎರಡು ತಂಬಿಗೆ ಕುಡಿದೆ. ನಿಜವಾಗಿ ಬಾಯಾರಿತ್ತು.

ಉತ್ತರ ಬರಲಿಲ್ಲ. ಕಲ್ಲು ಮಾತ್ರ ಗೊತ್ತಾದ ದಿನಕ್ಕೆ ನಿಂತಿತು. ಆರು ಹೆಸರಿದ್ದವು, ಹವಾಲ್ದಾರ ಸತ್ಯಪ್ಪನವರದು ಇರಲಿಲ್ಲ. ಮಾಮಲೇದಾರರಿಗೂ ಬೇರೆಡೆ ವರ್ಗವಾಯಿತು. ನಮ್ಮ ಅಂಗಡಿಗೆ ಕೆಲವು ಮನೆಯವರು ಬರುವುದು ಬಿಟ್ಟರು. ಕೆಲವರು ನಾನು ಬೆಳ್ಳಿ ಕದ್ದೆ ಎಂದು ಬಿಟ್ಟರು, ಕೆಲವರು ಆ ಅಂಗಳದಲ್ಲಿ ನೀರು ಕುಡಿದೆ ಎಂದು. ಕಾಕಾ ಯಾರಿಗೂ ಏನೂ ಹೇಳಲು ಹೋಗಲಿಲ್ಲ. ಒಂದು ದಿನ ಒಬ್ಬ ಮೇಸ್ತ್ರಿಯನ್ನು ಕರೆಸಿ ಕಟ್ಟೆಯ ಕೆಳಗಿನ ಹಾಸುಗಲ್ಲನ್ನು ಕೀಳಿಸಿ ಹಿತ್ತಲಿಗೆ ಹಾಕಿಸಿದರು, ಬಟ್ಟೆ ಒಗೆಯಲು ಬೇಕು ಎಂದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮೊದಲೇ ಎರಡಿದ್ದವು.

ಮುಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಲಗಮಪ್ಪ ಮತ್ತೆ ಬಂದರು. ಅಷ್ಟರಲ್ಲಿ ಅವರ ಕೇರಿಯ ಬಹಳ ಮಂದಿ ಬೌದ್ಧರಾಗಿದ್ದರು, ಅವರ ಮನೆಯವರೂ. ನಾನು ಕಟ್ಟಿದ್ದ ತಂತಿ ಸಡಿಲಾಗಿ ಕೊಂಡಿ ಕಳಚಿತ್ತು. ಕಲ್ಲು ಇರಲಿಲ್ಲವಾದ್ದರಿಂದ ಎಲ್ಲಿ ನಿಲ್ಲಬೇಕೆಂದು ಒಂದು ಕ್ಷಣ ನೋಡಿದರು.

"ಮ್ಯಾಲ ಬರ್ರಿ ಕಾಕಾ" ಎಂದು ಲಗಮಪ್ಪನವರನ್ನು ಕರೆದೆ. ಅವರು ಬಂದು ಮಣೆಯ ಹತ್ತಿರ ಕೂತರು. ಬಿಲ್ಲೆಯನ್ನು ಅವರ ಕೈಯಿಂದ ನನ್ನ ಕೈಗೆ ತೆಗೆದುಕೊಂಡೆ. ಉಗುರಿನಿಂದ ಕೆರೆದು ಸೀಸ ಉಳಿದಿಲ್ಲವೆಂದು ನೋಡಿದೆ. ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆಯಿಂದಲೇ ಕೊಂಡಿ ಕೂರಿಸಿದೆ. ಆ ವರ್ಷವೆಲ್ಲ ಕೊರೆಯುತ್ತಿದ್ದ ಮಾತನ್ನು ಕೊನೆಗೆ ಕೇಳಿದೆ.

"ಸಾಹೇಬರಿಗೆ ತೋರಿಸೂದು ಈಗ ಏನೂ ಉಳಿದಿಲ್ಲ. ಖೊಟ್ಟಿ ಅನ್ನೂ ಪ್ರಶ್ನಿ ಇಲ್ಲ. ಕನ್ನಡದಾಗರೆ ಹೆಸರ ಕೆತ್ತಿ ಕೊಡತೇನ್ರಿ. ನನ್ನ ಮನಸಿನ ಸಮಾಧಾನಕ್ಕರೆ."

ಲಗಮಪ್ಪ ಬಿಲ್ಲೆಯನ್ನು ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದರು.

"ಬ್ಯಾಡ್ರಿ. ಅಂಚ ಹಂಗ ಬೋಳ ಇರ್ಲಿ. ಮುಂದ ನಮ್ಮ ಮಕ್ಕಳು ಮೊಮ್ಮಕ್ಕಳು ಕೇಳತಾರ, ಎಲ್ಲಾ ಕಡೆ ಅಕ್ಷರ ಅದಾವ, ಇಲ್ಲಿ ಯಾಕ ಇಲ್ಲ ಅಂತ. ಹೆಸರ ಇದ್ರ ಕಂದಹಾರದ ಕಥಿ ಒಂದ ಹೇಳತಿದ್ವಿ. ಈಗ ಎರಡೂ ಹೇಳತೇವಿ."

ಅವರು ಎದ್ದು ಕಟ್ಟೆ ಇಳಿದು ಬಸ್ಸಿನ ಕಡೆ ಹೋದರು. ಕೆಲವು ವರ್ಷಗಳ ಮೇಲೆ ತೀರಿಕೊಂಡರೆಂದು ಕೇಳಿದೆ. ಮೊದಲನೆಯ ಕಥೆಯನ್ನು ಅವರ ಮನೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಎರಡನೆಯದನ್ನು ಅವರು ಹೇಗೆ ಹೇಳುತ್ತಾರೋ ಗೊತ್ತಿಲ್ಲ. ನಾನು ಹೇಳಬೇಕಾದರೆ ಹೀಗೆ.